ಚಿನ್ನದ ರೇಕು, ಮಧ್ಯಾಹ್ನದ ನಿದ್ದೆ

ಕೈಯಲ್ಲಿ ಕುಂಚವಿರುವಾಗಲೇ ನನಗೆ ನಿದ್ದೆ ಬಂದದ್ದು ಅದೇ ಮೊದಲು. ಎಚ್ಚರವಾದಾಗ, ಅರ್ಧ ಬರೆದಿದ್ದ ಹೆಸರೊಂದರ ಕೊನೆಯಿಂದ ಹಲಗೆಯ ಅಂಚಿನವರೆಗೆ, ಬಸವನಹುಳು ಹರಿದು ಹೋದಂತೆ ಒಂದು ಜಿಡ್ಡಿನ ಗೆರೆ ಎಳೆದುಕೊಂಡಿತ್ತು. ಅಕ್ಷರ ಬರೆಯುವ ಕಸುಬಿನಲ್ಲೇ ನನ್ನ ತಲೆ ನರೆತಿತ್ತು. ಕುಡಿದು ಕೆಲಸಕ್ಕೆ ಬರುತ್ತಿದ್ದ ಪೇಂಟರುಗಳ ಕೈಯಿಂದಲೂ ಅಂಥ ಗೆರೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ರಿಚರ್ಡ್ಸ್ ಟೌನಿನ ಹಳೆಯ ಶಾಲೆಯೊಂದರಲ್ಲಿ, ಹಿಂದಿನ ಮುಖ್ಯೋಪಾಧ್ಯಾಯರ ಹೆಸರುಗಳಿದ್ದ ಹಲಗೆಗೆ ಗೆದ್ದಲು ಹಿಡಿದಿತ್ತು. ಹೊಸ ತೇಗದ ಹಲಗೆಗೆ ಕಪ್ಪು ಬಣ್ಣ ಕೊಟ್ಟು, ಆ ಹೆಸರುಗಳನ್ನೆಲ್ಲ ಕಾಗದಕ್ಕಿಂತ ತೆಳ್ಳಗೆ ಬಡಿದ ಚಿನ್ನದ ರೇಕಿನಲ್ಲಿ ಮತ್ತೆ ಮೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಾರ್ಷಿಕೋತ್ಸವದ ದಿನ ಸಭಾಂಗಣದಲ್ಲಿ ಅದರ ಅನಾವರಣವೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಾಗಲೇ ಶಿವಾಜಿನಗರದ ಅಂಗಡಿಗಳಿಗೆ ಕಂಪ್ಯೂಟರಿನಿಂದ ಅಕ್ಷರ ಕತ್ತರಿಸುವ ಯಂತ್ರಗಳು ಬಂದಿದ್ದವು. ಶಾಲೆಯ ಆಡಳಿತಾಧಿಕಾರಿ ಮೊದಲ ದಿನವೇ ಅದನ್ನು ನನಗೆ ನೆನಪಿಸಿದರು.

“ನೋಡಿ ಮಾಸ್ಟರ್, ಕಮಿಟಿಯವರಿಗೆ ಗೋಲ್ಡ್ ಲೀಫೇ ಬೇಕಂತೆ, ಸರಿ. ಆದ್ರೆ ಫಂಕ್ಷನ್ ಡೇಟ್ ಫಿಕ್ಸ್ ಆಗೋಗಿದೆ. ನಿಮ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಗೋಲ್ಡನ್ ಸ್ಟಿಕರ್ ಅಂಟಿಸೋಕೆ ಅರ್ಧ ದಿನ ಸಾಕು.”

“ಆಗುತ್ತೆ ಮೇಡಂ,” ಅಂದೆ. ಮಹಡಿಯ ಮೆಟ್ಟಿಲು ಹತ್ತಿ ಬಂದಿದ್ದ ನನ್ನಲ್ಲಿ ಅದಕ್ಕಿಂತ ಉದ್ದದ ವಾಕ್ಯಕ್ಕೆ ಉಸಿರು ಉಳಿದಿರಲಿಲ್ಲ.

ಆ ಹಲಗೆ ನನ್ನ ಕೈಯಲ್ಲೇ ಮುಗಿಯಬೇಕು, ಸ್ಟಿಕರಿನವನ ಕೈಗೆ ಹೋಗಬಾರದು. ನನಗಿದ್ದ ಹಟ ಅದೊಂದೇ. ಆ ಹಟಕ್ಕೆ ಅಡ್ಡ ನಿಂತದ್ದು ಯಂತ್ರವಲ್ಲ, ನನ್ನ ರೆಪ್ಪೆಗಳು.

ನನಗಿರುವುದು ಶ್ವಾಸನಾಳಗಳು ಕಿರಿದಾಗಿ, ಹೊರಗೆ ಹೋಗಬೇಕಾದ ಗಾಳಿ ಪೂರ್ತಿಯಾಗಿ ಹೋಗದೆ ಉಳಿಯುವ ದೀರ್ಘಕಾಲದ ಕಾಯಿಲೆ. ಹಲಗೆ ಉಜ್ಜಿದ ಧೂಳು, ಕಾರಿನ ಶೆಡ್ಡುಗಳಲ್ಲಿ ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಹೊಡೆದ ಸ್ಪ್ರೇ ಬಣ್ಣ, ಇವು ಕಾರಣವೆಂದು ನನ್ನ ನಂಬಿಕೆ. ವೈದ್ಯರ ನಂಬಿಕೆ ಬೇರೆ. “ದಿನಕ್ಕೆ ಎಷ್ಟು ಬೀಡಿ?” ಎಂಬುದು ಪ್ರತಿಯೊಬ್ಬ ಹೊಸ ವೈದ್ಯರ ಮೊದಲ ಪ್ರಶ್ನೆ. ಒಂದೂ ಸೇದಿದವನಲ್ಲವೆಂದರೆ ನನ್ನನ್ನು ಬಿಟ್ಟು ಪಕ್ಕದಲ್ಲಿ ಕುಳಿತ ನನ್ನ ಹೆಂಡತಿಯ ಮುಖ ನೋಡುತ್ತಿದ್ದರು. ಆಕೆ ತಲೆಯಾಡಿಸಿದ ಮೇಲೂ ಏನೋ ಗೀಚಿಕೊಳ್ಳುತ್ತಿದ್ದರು.

ಉಸಿರುಕಟ್ಟುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಕಾಯಿಲೆಯ ಜೊತೆಗೆ ಬರುವ ದಣಿವು ಮತ್ತು ತೂಕಡಿಕೆಯ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ನಾನು ಶಾಲೆ ಕಲಿತದ್ದು ಕಡಿಮೆ. ಓದಿದ್ದೆಲ್ಲ ಫುಟ್‌ಪಾತಿನ ಮೇಲೆ ಹರಡಿದ ಹಳೆಯ ಪುಸ್ತಕಗಳಿಂದ. ಆ ಪುಸ್ತಕಗಳೂ ಸುಸ್ತನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಿದ್ದವು. ಆದರೆ ಅನುಭವಿಸಿದವನಿಗೆ ಗೊತ್ತು, ದಣಿವೂ ನಿದ್ದೆಯೂ ಒಂದಲ್ಲ. ದಣಿವು ಸ್ನಾನ ಮುಗಿಸಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ತೋಳುಗಳಿಗೆ ಬರುತ್ತದೆ. ಕುಳಿತರೆ ಸ್ವಲ್ಪ ಇಳಿಯುತ್ತದೆ. ನಿದ್ದೆ ಹಾಗಲ್ಲ. ಕುಳಿತೊಡನೆ ಅದು ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತದೆ. ಹೀಗಾಗಿ ದಣಿವಾಯಿತೆಂದು ಕುಳಿತರೆ ನಿದ್ದೆ, ನಿದ್ದೆ ಬಂತೆಂದು ಎದ್ದರೆ ದಣಿವು. ಇದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರವಿತ್ತು. ವೈದ್ಯರು ವಯಸ್ಸು ಎಂದರು. ಹೆಂಡತಿ, “ರಾತ್ರಿ ಕೆಮ್ಕೊಂಡು ಕೂತು ಪುಸ್ತಕ ಓದ್ತೀರಲ್ಲ, ಅದ್ಕೇ,” ಎಂದಳು. ಕೆಮ್ಮಿನಿಂದ ನಿದ್ದೆ ಬಾರದ್ದಕ್ಕೇ ನಾನು ಓದುತ್ತಿದ್ದದ್ದು ಎಂಬ ಮಾತು ಆಕೆಗೆ ಎಂದೂ ಒಪ್ಪಿಗೆಯಾಗಲಿಲ್ಲ.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸದಿದ್ದರೆ ನನ್ನ ಕಷ್ಟ ಓದುಗರಿಗೆ ತಿಳಿಯದು. ಚಿನ್ನದ ಅಕ್ಷರವನ್ನು ಚಿನ್ನದಿಂದ ಬರೆಯುವುದಿಲ್ಲ. ಮೊದಲು ಗೋಲ್ಡ್ ಸೈಜ್ ಎಂದು ಕರೆಯುವ ಅಂಟಿನೆಣ್ಣೆಯಲ್ಲಿ ಅಕ್ಷರ ಬರೆಯಬೇಕು. ಅದು ಆರುತ್ತ ಆರುತ್ತ ಒಂದು ಹದಕ್ಕೆ ಬರುತ್ತದೆ. ಬೆರಳ ಗೆಣ್ಣಿನ ಹಿಂಭಾಗ ತಾಗಿಸಿದರೆ ಎಣ್ಣೆ ಬೆರಳಿಗೆ ಬರಬಾರದು, ಆದರೆ ‘ಕಿರ್’ ಎಂದು ಸಣ್ಣಗೆ ಸದ್ದು ಬರಬೇಕು. ಆ ಹದದಲ್ಲಿ ರೇಕು ಹಾಸಿದರೆ ಚಿನ್ನ ಹಿಡಿಯುತ್ತದೆ. ಮೊದಲೇ ಹಾಸಿದರೆ ಮುಳುಗಿ ಮಂಕಾಗುತ್ತದೆ. ತಡವಾದರೆ ಅಂಟುವುದೇ ಇಲ್ಲ, ಸಾಲನ್ನೇ ಒರೆಸಿ ಮತ್ತೆ ಬರೆಯಬೇಕು. ನಾವೆಲ್ಲ ಬಳಸುತ್ತಿದ್ದದ್ದು ಬೇಗ ಆರುವ ಸೈಜ್. ಬೆಳಗ್ಗೆ ಬರೆದರೆ ಊಟದ ಹೊತ್ತು ಕಳೆಯುತ್ತಲೇ ಹದ ಬಂದು, ಬಂದಷ್ಟೇ ಬೇಗ ಹೊರಟುಹೋಗುತ್ತಿತ್ತು. ಸರಿಯಾಗಿ ನನ್ನ ರೆಪ್ಪೆ ಕೂಡುವ ಹೊತ್ತು ಅದು. ಸಾಲದೆಂಬಂತೆ, ರೇಕು ಹಾರಬಾರದೆಂದು ಫ್ಯಾನ್ ಆರಿಸಿ, ಧೂಳು ಬೀಳಬಾರದೆಂದು ಕಿಟಕಿ ಮುಚ್ಚಿ, ಟರ್ಪೆಂಟೈನ್ ವಾಸನೆಯ ಕೋಣೆಯಲ್ಲಿ ಕಾಯಬೇಕಿತ್ತು.

ಆ ಜಿಡ್ಡಿನ ಗೆರೆಯನ್ನು ಒರೆಸಿದ ಮರುದಿನ ನಾನೊಂದು ಉಪಾಯ ಮಾಡಿದೆ. ನಿದ್ದೆಯನ್ನು ತಡೆಯಲಾಗದಿದ್ದರೆ ಅದಕ್ಕೊಂದು ಹೊತ್ತು ಕೊಟ್ಟುಬಿಡುವುದು. ಸೈಜ್ ಆರುವವರೆಗೆ ಮಲಗಿ, ಹದಕ್ಕೆ ಏಳುವುದು. ಎಬ್ಬಿಸುವ ಕೆಲಸವನ್ನು ಶಾಲೆಯ ಅಟೆಂಡರಿಗೆ ಒಪ್ಪಿಸಿದೆ. ಯಾದಗಿರಿ ಕಡೆಯವನು, ನಡುವಯಸ್ಸಿನವನು. ಸಂಸಾರ ಸಮೇತ ರಾಮಮೂರ್ತಿ ನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದ. ನನ್ನನ್ನು ಕಾಕಾ ಎಂದೇ ಕರೆಯುತ್ತಿದ್ದ.

“ಊಟದ ಬೆಲ್ ಹೊಡೆದ್ಮೇಲೆ ಒಂದು ಕ್ಲಾಸ್ ಮುಗಿಯುತ್ತಲ್ಲಪ್ಪ, ಆಗ ಎಬ್ಬಿಸ್ಬಿಡು. ಮರೀಬೇಡ. ತಡ ಆದ್ರೆ ಎಲ್ಲಾ ಹಾಳು.”

“ಚಿಂತಿ ಮಾಡಬ್ಯಾಡ್ರಿ ಕಾಕಾ. ಬೆಲ್ ಹೊಡ್ಯಾಂವಾ ನಾನ ಅದೀನಿ.”

ಎಚ್ಚರವಾದಾಗ ಮಕ್ಕಳು ಮನೆಗೆ ಓಡುವ ಗದ್ದಲ ಕೇಳುತ್ತಿತ್ತು. ಎದ್ದು ಗೆಣ್ಣು ತಾಗಿಸಿದೆ. ಸದ್ದಿಲ್ಲ. ಬೆಳಗಿನಿಂದ ಬರೆದ ಹೆಸರುಗಳೆಲ್ಲ ಗಾಜಿನಂತೆ ಗಟ್ಟಿಯಾಗಿದ್ದವು. ಅಟೆಂಡರ್ ಬಾಗಿಲ ಬಳಿ ನಿಂತಿದ್ದ.

“ಯಾಕಪ್ಪಾ ಎಬ್ಬಿಸ್ಲಿಲ್ಲ?”

“ಎರಡ ಸಲ ಬಾಗಲ ತನಕ ಬಂದೆ ಕಾಕಾ. ಕೂಸು ಮಕ್ಕೊಂಡಂಗ ಮಕ್ಕೊಂಡಿದ್ರಿ. ದಿನಾ ನೀವು ಕೆಮ್ಮೂದು ಕೇಳಿ ನನಗ ಸಂಕಟ ಆಗ್ತಿತ್ತು. ಇವತ್ತರ ಕೆಮ್ಮಲಾರ್ದ ಮಲಗ್ಯಾರ, ಇರ್ಲಿ ಅಂದೆ. ಎಬ್ಬಸಾಕ ಮನಸ ಬರ್ಲಿಲ್ರಿ.”

ಬೈಯಲು ಬಾಯಿ ತೆರೆದೆ. ಬೈಯುವುದಕ್ಕೂ ಉಸಿರು ಬೇಕು. ಕುಳಿತುಕೊಂಡೆ. ಅವನೇ ನೀರು ತಂದುಕೊಟ್ಟು, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ನನ್ನ ಜೊತೆ ಕುಳಿತು ಹೆಸರುಗಳನ್ನು ಒರೆಸಿದ. ಅಳಿಸುವಾಗ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದ. ಅದು ನನ್ನ ಸಂಕಟವನ್ನು ಹೆಚ್ಚು ಮಾಡಿತು.

ಮರುದಿನ ಆಡಳಿತಾಧಿಕಾರಿ ಬಂದು ಖಾಲಿ ಹಲಗೆ ನೋಡಿದರು. “ಮಾಸ್ಟರ್, ನಿನ್ನೆ ಇಲ್ಲಿ ನೇಮ್ಸ್ ಇತ್ತಲ್ಲ?” ಎಂದರು. ಇತ್ತು ಎಂದೆ. ಇನ್ನೆರಡು ವಾರ ಕಳೆದು ಬರುವ ಸೋಮವಾರದೊಳಗೆ ಅರ್ಧ ಹಲಗೆ ಕಾಣದಿದ್ದರೆ ಸ್ಟಿಕರಿನವನನ್ನು ಕರೆಸುವುದಾಗಿ ಹೇಳಿ ಹೋದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾದಿಸಬಹುದಿತ್ತು.

ಮನೆಯಲ್ಲಿ ಹೆಂಡತಿಯೂ ಅದನ್ನೇ ಹೇಳಿದಳು. “ಆಗಲ್ಲ ಅಂತ ಒಪ್ಕೊಂಡ್ಬಿಡ್ರೀ. ಯಾರೇನ್ ನಿಮ್ಮನ್ನ ಗಲ್ಲಿಗೆ ಹಾಕ್ತಾರಾ?”

“ಆಗಲ್ವಾ, ಇಲ್ಲಾ ನಾನು ಮಾಡೋ ರೀತಿ ಸರಿ ಇಲ್ವಾ ಅಂತ ಗೊತ್ತಾಗ್ಲಿ. ಆಮೇಲೆ ಒಪ್ಕೋತೀನಿ.”

“ಗೊತ್ತಾಗೋ ಹೊತ್ತಿಗೆ ನಾನಿನ್ನೂ ಮುತ್ತೈದೆಯಾಗೇ ಇದ್ರೆ ಸಾಕು,” ಎಂದು ಆಕೆ ಒಳಗೆ ಹೋದಳು.

ಎದೆರೋಗದ ಆಸ್ಪತ್ರೆಗೆ ಹೋದೆ. ಈ ಸಲ ಉಸಿರಿನ ಮಾತೇ ಎತ್ತದೆ, ನಿದ್ದೆಯ ಬಗ್ಗೆ ಮಾತ್ರ ಕೇಳುವುದೆಂದು ನಿಶ್ಚಯಿಸಿದ್ದೆ. ವೈದ್ಯರು ಬೆಳಗ್ಗೆ ತಲೆನೋವಿರುತ್ತದೆಯೇ ಎಂದು ಕೇಳಿದರು. ಮಣಿಕಟ್ಟಿನ ಒಳಗಿನ ನಾಳದಿಂದ ರಕ್ತ ತೆಗೆಸಿದರು. ಆ ಚುಚ್ಚುವಿಕೆಯ ನೋವನ್ನು ನಾನು ಮರೆತಿಲ್ಲ. ನಮ್ಮಂಥವರಲ್ಲಿ ಕೆಲವರಿಗೆ ಹೊರಹೋಗಬೇಕಾದ ಕೆಟ್ಟಗಾಳಿ ರಕ್ತದಲ್ಲೇ ಉಳಿದು ಮಂಪರು ತರುತ್ತದಂತೆ. ನನ್ನ ರಕ್ತದಲ್ಲಿ ಅದು ಇನ್ನೂ ಅಪಾಯದ ಮಟ್ಟ ಮುಟ್ಟಿರಲಿಲ್ಲ. ಆಮೇಲೆ ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರೆಂದು ಕೇಳಿದರು. ಅಂಗಡಿಯಲ್ಲಿ ಕೊಂಡ ಕೆಮ್ಮಿನ ಸಿರಪ್ಪನ್ನು, ಊಟದ ಮೇಲೆ ಕೆಮ್ಮಿ ಕೈ ಅಲುಗಬಾರದೆಂದು ಕುಡಿಯುತ್ತಿದ್ದೆ. ಶೀಶೆಯನ್ನು ಜೇಬಿನಿಂದ ತೆಗೆದು ತೋರಿಸಿದೆ.

“ಇದ್ರಲ್ಲೇ ಇದೆಯಲ್ರೀ ನಿದ್ದೆ ಬರ್ಸೋದು,” ಎಂದರು. “ನಿಮ್ಮ ಲಂಗ್ಸ್‌ಗೆ ಇದು ಬೇಡ್ವೇ ಬೇಡ. ಇವತ್ತೇ ನಿಲ್ಸಿ.”

ನಿಲ್ಲಿಸಿದೆ. ರೆಪ್ಪೆಯ ಭಾರ ಸ್ವಲ್ಪ ಇಳಿಯಿತು. ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುವುದನ್ನು ಬಿಟ್ಟು, ಸ್ವಲ್ಪಸ್ವಲ್ಪವಾಗಿ ಹಂಚಿಕೊಂಡು ತಿಂದೆ. ಇನ್ನೂ ಸ್ವಲ್ಪ ಇಳಿಯಿತು. ಆದರೆ ದಣಿವು ಹಾಗೇ ಕುಳಿತಿತ್ತು. ಅದಕ್ಕೆ ವೈದ್ಯರ ಸಲಹೆ ಒಂದೇ: “ರೆಸ್ಟ್ ತಗೊಳ್ಳಿ.” ಎಷ್ಟು, ಯಾವಾಗ, ಕೆಲಸಕ್ಕೆ ಮುಂಚೆಯೋ ಆಮೇಲೋ? ಅದು ಅವರ ವಿಷಯವಾಗಿರಲಿಲ್ಲ. ಉಸಿರಾಟದ ವ್ಯಾಯಾಮ ಕಲಿಸುವ ಕೋಣೆಗೆ ನನ್ನನ್ನು ಕಳಿಸಿ ಮುಂದಿನವರನ್ನು ಕರೆದರು.

ಅಲ್ಲಿದ್ದ ಹೆಣ್ಣುಮಗಳು ಒಂದು ನೀರಿನ ಬಾಟಲಿಯನ್ನು ನನ್ನ ಮುಂದಿಟ್ಟಳು.

“ಅಂಕಲ್, ಇದನ್ನೆತ್ತಿ ಆ ಶೆಲ್ಫ್ ಮೇಲಿಡಿ.”

ಇಟ್ಟೆ. ಇನ್ನೊಮ್ಮೆ ಇಡಿಸಿದಳು.

“ಉಸಿರು ಯಾಕೆ ಹಿಡ್ಕೊಂಡ್ರಿ?”

“ಹಿಡಿದಿಲ್ವಲ್ಲಮ್ಮ.”

“ಎರಡು ಸಲಾನೂ ಹಿಡಿದ್ರಿ. ನಾನು ನಿಮ್ ಕತ್ತನ್ನೇ ನೋಡ್ತಿದ್ದೆ. ಏನ್ ಕೆಲ್ಸ ಮಾಡ್ತೀರಾ ನೀವು?”

ಹೇಳಿದೆ. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಉಸಿರು ನಿಂತರೆ ಕೈ ನಿಲ್ಲುತ್ತದೆ ಎಂದು ನನಗೆ ನನ್ನ ಗುರುಗಳು, ಅವರಿಗೆ ಅವರ ಗುರುಗಳು ಹೇಳಿದ್ದರು. ರೇಕು ಹಾಸುವಾಗಲಂತೂ ಉಸಿರು ತಾಗಿದರೆ ಚಿನ್ನ ಹಾರಿಯೇ ಹೋಗುತ್ತದೆ. ಎಳೆದ ಪ್ರತಿ ಗೆರೆಗೂ, ಹಾಸಿದ ಪ್ರತಿ ರೇಕಿಗೂ ಒಂದು ಉಸಿರು ಕಟ್ಟುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಚಪ್ಪಲಿ ಹಾಕಿಕೊಳ್ಳುವಾಗಲೂ ಕಟ್ಟುತ್ತಿದ್ದೆ.

“ಹಾಗಾದ್ರೆ ಬೆಳಗ್ಗಿಂದ ಸಂಜೆವರ್ಗೂ ಕೆರೇಲಿ ಮುಳುಗಿ ಮುಳುಗಿ ಏಳ್ತಿದೀರಾ,” ಎಂದಳು. “ಸುಸ್ತಾಗ್ದೆ ಇನ್ನೇನಾಗುತ್ತೆ?”

“ಉಸಿರು ಬಿಟ್ರೆ ಕೈ ನಡುಗುತ್ತಮ್ಮ. ಗೆರೆ ಕೆಡುತ್ತೆ.”

“ಬಿಟ್ಟು ನೋಡಿದೀರಾ?”

ನೋಡಿರಲಿಲ್ಲ. ಪುರಾಣ, ಪಂಚಾಂಗ, ವೈದ್ಯರ ಚೀಟಿ, ಎಲ್ಲವನ್ನೂ ಅನುಮಾನಿಸಿದ ನಾನು ಈ ಒಂದು ಮಾತನ್ನು ಮಾತ್ರ ಮುಟ್ಟಿರಲಿಲ್ಲ. ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುವುದನ್ನು ಆಕೆ ಕಲಿಸಿದಳು. ಯಾವ ಶ್ರಮವಿದ್ದರೂ ಉಸಿರು ಬಿಡುವಾಗಲೇ ಮಾಡಬೇಕು. ಆ ಮಾತನ್ನೂ ನಾನು ಅಲ್ಲೇ ನಂಬಿಬಿಡಲಿಲ್ಲ.

ಹಲಸೂರಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಹಳೆಯ ಬೀರುವಿನ ಬಾಗಿಲೊಂದನ್ನು ಒರಗಿಸಿ ಪರೀಕ್ಷೆಗೆ ಕುಳಿತೆ. ಒಂದು ಗೆರೆ ಉಸಿರು ಹಿಡಿದು, ಪಕ್ಕದಲ್ಲೇ ಇನ್ನೊಂದು ಉಸಿರು ಬಿಡುತ್ತ. ಮೊದಮೊದಲು ಬಿಟ್ಟ ಉಸಿರಿನ ಗೆರೆಗಳು ಹಾವಿನಂತೆ ಹೊರಳಿದವು. ಗುರುಗಳೇ ಸರಿ ಎಂದುಕೊಂಡು ಕುಂಚ ತೊಳೆದಿಟ್ಟೆ. ಸಿಟ್ಟು ಇಳಿಯದೆ ಮತ್ತೆ ಕುಳಿತೆ. ಆಗ ಗಮನಿಸಿದ್ದು: ಗೆರೆ ಹೊರಳುತ್ತಿದ್ದದ್ದು ಉಸಿರು ಬಿಡುತ್ತಿದ್ದುದರಿಂದಲ್ಲ, ಬಿಡುತ್ತ ಬಿಡುತ್ತ ಹೆದರಿ ನಡುವೆ ಹಿಡಿಯುತ್ತಿದ್ದುದರಿಂದ. ಬರೆಯುವಾಗ ಕೈ ಊರಲು ಹಲಗೆಗೆ ಅಡ್ಡ ಹಿಡಿಯುವ ಆಸರೆ ಕೋಲಿನ ಮೇಲೆ ಮಣಿಕಟ್ಟನ್ನಿಟ್ಟು, ಉಸಿರು ಹೋಗುವವರೆಗೂ ಹೋಗಲು ಬಿಟ್ಟೆ. ಬಾಗಿಲು ತುಂಬುವಷ್ಟರಲ್ಲಿ ಯಾವ ಗೆರೆ ಯಾವ ಉಸಿರಿನದೆಂದು ಗುರುತಿಸುವುದು ನನಗೇ ಕಷ್ಟವಾಯಿತು. ಹೆಂಡತಿಯನ್ನು ಕರೆದು ಕೇಳಿದೆ.

“ಎಲ್ಲಾ ಒಂದೇ ಥರ ಇದೆ. ಬೀರು ಬಾಗ್ಲು ಮಾತ್ರ ಹಾಳಾಯ್ತು,” ಎಂದಳು.

ರೇಕಿಗೆ ಬೇರೆ ದಾರಿ ಬೇಕಾಯಿತು. ಮುಖವನ್ನು ಎಡ ಭುಜದ ಕಡೆ ಹೊರಳಿಸಿ ಉಸಿರು ಬಿಡುವುದು. ಬಿಟ್ಟು ಮುಗಿದ ಮೇಲೆ, ಮತ್ತೆ ಎಳೆಯುವ ಮುಂಚೆ, ಎದೆ ತಾನಾಗಿ ಸುಮ್ಮನಿರುವ ಒಂದು ಗಳಿಗೆ ಇರುತ್ತದೆ. ಹಿಡಿಯದೆಯೇ ನಿಂತಿರುವ ಉಸಿರು ಅದು. ಆ ಗಳಿಗೆಯಲ್ಲಿ ರೇಕು ಇಳಿಸಿ ಮತ್ತೆ ಮುಖ ಹೊರಳಿಸುವುದು. ಕೆಲಸ ನಿಧಾನವಾಯಿತು, ಆದರೆ ಮುಗಿದಾಗ ತೋಳು ನನ್ನದಾಗಿಯೇ ಇತ್ತು.

ಇದರ ಬೆನ್ನಿಗೆ ಬಂತು ನಿಜವಾದ ನಿರ್ಧಾರ. ಬೇಗ ಆರುವ ಸೈಜ್ ಬಳಸುವವರೆಗೆ ನಾನು ಸೈಜ್ ಡಬ್ಬಿ ಹೇಳಿದ ಹೊತ್ತಿಗೆ ಕುಣಿಯಬೇಕಿತ್ತು. ನಿಧಾನವಾಗಿ ಆರುವ ಎಣ್ಣೆ ಸೈಜ್ ಒಂದಿದೆ. ಸಂಜೆ ಬರೆದರೆ ಮರುದಿನ ಬೆಳಗ್ಗೆ ಹದಕ್ಕೆ ಬಂದು, ಬಹಳ ಹೊತ್ತು ಹದದಲ್ಲೇ ಕಾಯುತ್ತದೆ. ಅದು ಗೋಪುರದ ಕಳಶಗಳಿಗೆ ಮಾತ್ರ, ಸಣ್ಣ ಅಕ್ಷರಕ್ಕೆ ಆಗದು, ರಾತ್ರಿಯಿಡೀ ಧೂಳು ಕುಡಿದು ಮರಳುಮರಳಾಗುತ್ತದೆ ಎಂಬುದು ಗುರುಗಳ ಇನ್ನೊಂದು ಮಾತು. ಒಂದು ಮಾತು ಬಿದ್ದ ಮೇಲೆ ಇನ್ನೊಂದನ್ನೂ ತಳ್ಳಿ ನೋಡುವ ಧೈರ್ಯ ಬಂದಿತ್ತು. ಧೂಳನ್ನು ಹಿಡಿಯಲೆಂದು ಮರದ ಚೌಕಟ್ಟಿಗೆ ತೆಳ್ಳನೆಯ ಒದ್ದೆ ಮಲ್ ಬಟ್ಟೆ ಬಿಗಿದು, ಅದೇ ಬೀರು ಬಾಗಿಲ ಹಿಂಬದಿಯಲ್ಲಿ ಸಂಜೆ ಬರೆದ ಸಾಲಿನ ಮೇಲೆ ಮುಟ್ಟದ ಹಾಗೆ ಮುಚ್ಚಿಟ್ಟೆ. ಬೆಳಗ್ಗೆ ಗೆಣ್ಣು ತಾಗಿಸಿದರೆ ‘ಕಿರ್’ ಎಂದಿತು. ಹಾಸಿದ ಚಿನ್ನಕ್ಕೆ ಬೇಗದ ಸೈಜ್ ಎಂದೂ ಕೊಡದಿದ್ದ ಹೊಳಪಿತ್ತು.

ಶಾಲೆಗೆ ಮರಳಿದೆ. ಬೆಳಗ್ಗೆ, ದೇಹ ಹೊಸತಾಗಿರುವಾಗ, ಕಿಟಕಿ ಮುಚ್ಚಿ ಹಿಂದಿನ ಸಂಜೆಯ ಸಾಲಿಗೆ ರೇಕು. ಮುಗಿದೊಡನೆ ಕಿಟಕಿ ತೆರೆದು ಗಾಳಿ. ಮಧ್ಯಾಹ್ನ ಒರಗು ಕುರ್ಚಿಯಲ್ಲಿ ನಿದ್ದೆ, ಯಾರೂ ಎಬ್ಬಿಸದ ನಿದ್ದೆ. ಸಂಜೆ ತಂಪಿನಲ್ಲಿ ಮುಂದಿನ ಸಾಲಿಗೆ ಸೈಜ್.

“ಇನ್ಮೇಲೆ ಎಬ್ಬಿಸ್ಬೇಡಪ್ಪ,” ಎಂದು ಅಟೆಂಡರಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು.

“ನನ್ನ ಮ್ಯಾಲ ಸಿಟ್ಟೇನ್ರಿ ಕಾಕಾ?”

“ಸಿಟ್ಟಲ್ಲ ಮಾರಾಯ. ಕೆಲ್ಸದ ರೀತೀನೇ ಬದಲಾಯ್ಸಿದೀನಿ.” ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು, ದಣಿಯುವ ಮೊದಲೇ ಕೂರುವುದು. ದಣಿದ ಮೇಲೆ ಕುಳಿತರೆ ಆ ದಿನ ಮತ್ತೆ ಏಳುವ ಹಾಗಿಲ್ಲವೆಂದು ಕಂಡುಕೊಂಡಿದ್ದೆ. ಆದ್ದರಿಂದ ಒಂದೊಂದು ಹೆಸರು ಮುಗಿದಾಗಲೂ, ಕೈಯಲ್ಲಿ ಇನ್ನೂ ಬಲವಿರುವಾಗಲೇ, ಕುಂಚ ಕೆಳಗಿಡುತ್ತಿದ್ದೆ. ನೋಡಿದವರಿಗೆ ಅದು ಸೋಮಾರಿತನ. ಆಡಳಿತಾಧಿಕಾರಿ ಬಂದಾಗಲೆಲ್ಲ ನಾನು ಕುಳಿತೇ ಇರುತ್ತಿದ್ದೆ.

“ಏನ್ ಮಾಸ್ಟರ್, ಕೂತೇ ಇದೀರಾ?”

“ಕೆಲ್ಸ ಮಾಡ್ತಿದೀನಿ ಮೇಡಂ.”

ಅವರು ನನ್ನನ್ನು ನೋಡಿ, ಹಲಗೆ ನೋಡಿ ಹೋಗುತ್ತಿದ್ದರು. ಅವರು ಹೇಳಿದ ಸೋಮವಾರ ಬಂದಾಗ ಅರ್ಧಕ್ಕಿಂತ ಒಂದು ಸಾಲು ಕಡಿಮೆಯಿತ್ತು. ಅವರು ಬಗ್ಗಿ ಚಿನ್ನವನ್ನು ನೋಡಿದರು. ಸ್ಟಿಕರಿನ ಮಾತು ಎತ್ತಲಿಲ್ಲ.

ಇದರಿಂದ ನಾನು ಗುಣವಾದೆನೆಂದು ಯಾರೂ ತಿಳಿಯಬಾರದು. ನಡುವೆ ಎರಡು ದಿನ ಕಫ ಕಟ್ಟಿ ಹಾಸಿಗೆಯಿಂದ ಏಳಲಾಗಲಿಲ್ಲ. ಕಲಿತ ಉಸಿರೆಲ್ಲ ಮರೆತುಹೋಗಿ, ಮೆಟ್ಟಿಲ ಮೇಲೆ ಕುಳಿತು ಯಾರ ಮೇಲೆಂದು ತಿಳಿಯದ ಕೋಪದಲ್ಲಿ ಕೈ ಹಿಸುಕಿಕೊಂಡದ್ದೂ ಉಂಟು. ಕಾಯಿಲೆ ತನ್ನ ಪಾಲನ್ನು ದಿನವೂ ತೆಗೆದುಕೊಂಡೇ ಉಳಿದದ್ದನ್ನು ನನಗೆ ಬಿಡುತ್ತಿತ್ತು. ಬದಲಾದದ್ದು ಇಷ್ಟೇ: ಆ ಉಳಿದದ್ದರಲ್ಲಿ ಕೆಲಸ ಹಿಡಿಸುವುದು ಹೇಗೆಂದು ಗೊತ್ತಾಗಿತ್ತು.

ಕೊನೆಯ ಹೆಸರು ಮುಗಿದು, ಹತ್ತಿಯಿಂದ ಒರೆಸಿ, ಹಲಗೆಯನ್ನು ಗೋಡೆಗೆ ಏರಿಸಿದ ದಿನ ಆಡಳಿತಾಧಿಕಾರಿ ಕೆಳಗೆ ಬಿಟ್ಟಿದ್ದ ಖಾಲಿ ಜಾಗವನ್ನು ತೋರಿಸಿದರು.

“ಮುಂದೆ ಹೊಸ ಎಚ್ಚೆಮ್ ಬಂದಾಗ ಇದನ್ನೂ ನೀವೇ ಬರೀತೀರಾ ಮಾಸ್ಟರ್? ಒಂದೇ ನೇಮ್. ಒಂದಿನದ ಕೆಲ್ಸ.”

“ಎರಡು ದಿನ ಮೇಡಂ. ಒಂದಿನ ಸೈಜ್‌ಗೆ, ಒಂದಿನ ನನಗೆ.”

ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಬೆಳಗಿನ ಸಮಾರಂಭ. ಹೊಸ ಅಂಗಿ ತೊಟ್ಟು, ಬಿಟ್ಟ ಪ್ರತಿ ಉಸಿರಿಗೆ ಒಂದು ಮೆಟ್ಟಿಲಿನಂತೆ ಹತ್ತಿ, ಹಿಂದಿನ ಸಾಲಿನಲ್ಲಿ ಕುಳಿತೆ. ಹಲಗೆಗೆ ಕೆಂಪು ಪರದೆ ಇಳಿಬಿಟ್ಟಿದ್ದರು. ಮುಖ್ಯ ಅತಿಥಿಗಳು ಮಾತಾಡಲು ಎದ್ದರು. ಅವರು ಏನು ಹೇಳಿದರೆಂದು ನನಗೆ ಗೊತ್ತಿಲ್ಲ, ಏಕೆಂದರೆ ಎರಡನೆಯ ವಾಕ್ಯಕ್ಕೆ ನನಗೆ ನಿದ್ದೆ ಬಂದಿತ್ತು.

ಯಾರೋ ಭುಜ ಹಿಡಿದು ಬಲವಾಗಿ ಅಲುಗಿಸಿದರು. ಕಣ್ಣು ಬಿಟ್ಟೆ. ಅಟೆಂಡರ್ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬಗ್ಗಿ ನಿಂತಿದ್ದ. ಭಾಷಣ ಇನ್ನೂ ಅರ್ಧಕ್ಕೂ ಬಂದಂತಿರಲಿಲ್ಲ. ಪರದೆ ಹಾಗೇ ಇತ್ತು.

“ಈಗ ಯಾಕಯ್ಯಾ ಎಬ್ಬಿಸ್ದೆ?” ಎಂದೆ ಮೆಲ್ಲಗೆ.

“ಈ ಸಲ ಬಿಡಂಗಿಲ್ಲ ಕಾಕಾ,” ಎಂದ ಅವನು, ಅಷ್ಟೇ ಮೆಲ್ಲಗೆ. “ಆಮ್ಯಾಲ ನಿಮ್ಮ ಬಂಗಾರ ಒಣಗಿ ಹೋಗ್ತದ.”

ನಗು ಬಂತು. ನಗು ಕೆಮ್ಮಾಯಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ತುಟಿ ಕಿರಿದು ಮಾಡಿ, ಮುಖವನ್ನು ಎಡ ಭುಜದ ಕಡೆ ಹೊರಳಿಸಿ ಉಸಿರು ಬಿಟ್ಟೆ. ಅವನು ನನ್ನ ಪಕ್ಕದಲ್ಲೇ ಗೋಡೆಗೊರಗಿ ನಿಂತ. ಪರದೆ ಸರಿಯುವವರೆಗೆ, ನನ್ನ ರೆಪ್ಪೆ ಕೂಡಿದಾಗಲೆಲ್ಲ, ಭುಜ ತಟ್ಟುತ್ತಲೇ ಇದ್ದ.